ಬರೀ ಕುದುರೆ ಬಿಡಿಸೋನು

1799ರ ಮಾರ್ಚ್ 25. ಇಂಗ್ಲೆಂಡಿನ ನ್ಯೂಮಾರ್ಕೆಟ್. ಎರಡೇ ಎರಡು ಕುದುರೆಗಳ ನಡುವೆ ಓಟ. ಒಂದರ ಹೆಸರು ಹ್ಯಾಂಬಲ್ಟೋನಿಯನ್, ಇನ್ನೊಂದು ಡೈಮಂಡ್. ಪಣ ಎಷ್ಟು ಗೊತ್ತಾ? 3,000 ಗಿನಿ. ದೂರ ನಾಲ್ಕು ಮೈಲಿಗೂ ಹೆಚ್ಚು. ಕೊನೆಕೊನೆಗೆ ಎರಡೂ ಕುದುರೆಗಳ ಮೇಲೆ ಚಾಟಿ ಬಿತ್ತು, ಜಾಕಿಗಳ ಬೂಟಿನ ಮುಳ್ಳು ಪಕ್ಕೆಗೆ ಇಳಿಯಿತು. ಹ್ಯಾಂಬಲ್ಟೋನಿಯನ್ ಗೆದ್ದಿತು. ಎಷ್ಟರಲ್ಲಿ? ಅರ್ಧ ಕತ್ತಿನಷ್ಟು ಅಂತರದಲ್ಲಿ.

ಕುದುರೆಯ ಮಾಲೀಕ ಸರ್ ಹೆನ್ರಿ ವೇನ್-ಟೆಂಪೆಸ್ಟ್. ದುಡ್ಡಿತ್ತು, ದರ್ಪವಿತ್ತು, ಈಗ ಗೆಲುವೂ ಸಿಕ್ಕಿತ್ತು. ಗೆಲುವನ್ನು ಗೋಡೆಗೆ ತೂಗುಹಾಕಬೇಕಲ್ಲ? ಕುದುರೆ ಚಿತ್ರಕ್ಕೆ ದೇಶದಲ್ಲೇ ಹೆಸರಾಗಿದ್ದ ಒಬ್ಬ ಮುದುಕನಿಗೆ ಹೇಳಿ ಕಳುಹಿಸಿದ. ಮುದುಕನ ಹೆಸರು ಜಾರ್ಜ್ ಸ್ಟಬ್ಸ್. ವಯಸ್ಸು 74.

ಹಣ ಕೊಡೋ ಮಾಲೀಕನಿಗೆ ಎಂಥ ಚಿತ್ರ ಬೇಕಿರುತ್ತೆ ಅಂತ ನಾವು ನೀವೆಲ್ಲ ಊಹಿಸಬಹುದು. ಕತ್ತು ಎತ್ತಿ ನಿಂತ ಕುದುರೆ, ಮೇಲೆ ಬೀಗುವ ಜಾಕಿ, ಹಿಂದೆ ಟೋಪಿ ಹಾರಿಸೋ ಜನ. ಸ್ಟಬ್ಸ್ ಕೊಟ್ಟಿದ್ದೇನು? ಹನ್ನೆರಡು ಅಡಿ ಅಗಲದ ಕ್ಯಾನ್ವಾಸ್. ಅದರ ತುಂಬ ಸುಸ್ತಾಗಿ ಹೋದ ಒಂದು ಕುದುರೆ. ಓಟ ಮುಗಿದಿದೆ. ಜಾಕಿ ಇಲ್ಲ, ಜನ ಇಲ್ಲ, ಮಾಲೀಕನಂತೂ ಇಲ್ಲವೇ ಇಲ್ಲ. ಕುದುರೆಯ ಬಾಯಿ ತೆರೆದಿದೆ, ಕಿವಿ ಹಿಂದಕ್ಕೆ ಮಡಚಿದೆ, ಮೈಯ ಒಂದೊಂದು ನರವೂ ಎದ್ದು ಕಾಣ್ತಿದೆ. ಜೊತೆಗಿರುವವರು ಇಬ್ಬರೇ. ಲಗಾಮು ಹಿಡಿದವನೊಬ್ಬ, ಮೈ ಒರೆಸುವ ಲಾಯದ ಹುಡುಗ ಇನ್ನೊಬ್ಬ.

ಸರ್ ಹೆನ್ರಿ ಹಣ ಕೊಡಲಿಲ್ಲ. ಸ್ಟಬ್ಸ್ ಏನು ಮಾಡಿದ? ಮನೆಬಾಗಿಲಿಗೆ ಹೋಗಿ ಕೈ ಕಟ್ಟಿ ನಿಲ್ಲಲಿಲ್ಲ. ಕೋರ್ಟಿಗೆ ಹೋದ. ಗೆದ್ದ ಕೂಡ.

ಹಣ ಕೊಡುವವನನ್ನು ಮೆಚ್ಚಿಸೋ ಒತ್ತಡ ಅಂದ್ರೆ ಏನು ಅನ್ನೋದನ್ನು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಈ ಮುದುಕ ನನ್ನ ತಲೆಯಲ್ಲಿ ಬಹಳ ದಿನ ಉಳಿದುಬಿಟ್ಟ. ಈ ಕಥೆ ಓದಿದ ದಿನ ರೆಕಾರ್ಡಿಂಗಿಗೆ ಮುಂಚೆ ನಮ್ಮ ಕ್ಯಾಮೆರಾ ಹುಡುಗ ಕೇಳಿದ: 'ಸಾರ್, ನಾಯಿ, ಕುದುರೆ ಬಿಡಿಸೋನಿಗೆ ಅಷ್ಟು ಹೊತ್ತು ಯಾಕೆ?' ಅವನ ತಪ್ಪಲ್ಲ ಬಿಡಿ. ಇನ್ನೂರೈವತ್ತು ವರ್ಷದ ಹಿಂದೆ ಲಂಡನ್ನಿನ ದೊಡ್ಡ ದೊಡ್ಡ ಪಂಡಿತರೂ ಇದೇ ಪ್ರಶ್ನೆ ಕೇಳಿದ್ರು.

ಸ್ಟಬ್ಸ್ ಹುಟ್ಟಿದ್ದು 1724ರಲ್ಲಿ, ಲಿವರ್‌ಪೂಲ್‌ನಲ್ಲಿ. ತಂದೆ ಜಾನ್ ಚರ್ಮದ ಕಸುಬಿನವನು. ಹದ ಮಾಡಿದ ತೊಗಲನ್ನು ಮೆದು ಮಾಡಿ, ಬಣ್ಣ ಕೊಟ್ಟು, ಜೀನು ಮಾಡುವವರಿಗೆ ಚಪ್ಪಲಿ ಹೊಲಿಯುವವರಿಗೆ ಮಾರುವ ಕೆಲಸ. ಅಂದ್ರೆ ಹುಡುಗ ಬೆಳೆದದ್ದೇ ಪ್ರಾಣಿಗಳ ತೊಗಲಿನ ವಾಸನೆಯಲ್ಲಿ. ಎಂಟು ವರ್ಷದವನಾಗಿದ್ದಾಗ ನೆರೆಯ ವೈದ್ಯರೊಬ್ಬರು ಅವನಿಗೆ ಮೂಳೆಗಳನ್ನು ಕೊಟ್ಟು ನೋಡಿ ಬಿಡಿಸು ಅಂದ್ರಂತೆ. ಉಳಿದ ಮಕ್ಕಳು ಗೋಲಿ ಆಡುವ ವಯಸ್ಸಲ್ಲಿ ಇವನ ಕೈಯಲ್ಲಿ ಮೂಳೆ.

ಗುರು ಅಂತ ಒಬ್ಬ ಸಿಕ್ಕಿದ್ದು ನಿಜ. ಹ್ಯಾಮ್ಲೆಟ್ ವಿನ್‌ಸ್ಟಾನ್ಲಿ ಅಂತ ಒಬ್ಬ ಚಿತ್ರಕಾರ. ಶ್ರೀಮಂತರ ಮನೆಯಲ್ಲಿದ್ದ ಹಳೆಯ ಚಿತ್ರಗಳನ್ನು ನಕಲು ಮಾಡಿಸಿ ಕಲಿಸುವುದು ಆತನ ಪದ್ಧತಿ. ನಿನಗೆ ಬೇಕಾದದ್ದನ್ನು ಆರಿಸಿಕೋ ಅಂದವನು, ಹುಡುಗ ಆರಿಸಿದ ಚಿತ್ರ ನೋಡಿ, ಅದು ಬೇಡ, ಅದನ್ನು ನಾನು ಮಾಡಬೇಕು ಅಂದನಂತೆ. ಆ ಗುರುಕುಲ ಕೆಲವೇ ವಾರಕ್ಕೆ ಮುಗೀತು. ಸ್ಟಬ್ಸ್ ಎದ್ದು ಬಂದ. ಇನ್ನು ಮೇಲೆ ಬೇರೆಯವರ ಚಿತ್ರ ನೋಡಿ ಬಿಡಿಸಲ್ಲ, ಕಣ್ಣೆದುರು ಇರೋದನ್ನು ನೋಡಿಯೇ ಕಲೀತೀನಿ ಅಂತ ತೀರ್ಮಾನ ಮಾಡಿದ. ಮುಂದೆ 1754ರಲ್ಲಿ ರೋಮ್‌ಗೂ ಹೋಗಿದ್ದ. ಆ ಕಾಲದಲ್ಲಿ ಕಲಾವಿದ ಆಗಬೇಕಾದ್ರೆ ಅದೊಂದು ತೀರ್ಥಯಾತ್ರೆ. ಎಲ್ಲರೂ ಅಲ್ಲಿ ವರ್ಷಗಟ್ಟಲೆ ಕೂತು ಹಳೆಯ ಶಿಲ್ಪಗಳನ್ನು ನಕಲು ಮಾಡ್ತಿದ್ರು. ಈತ ಹೋದ, ನೋಡಿದ, ಕಲೆಗಿಂತ ಪ್ರಕೃತಿಯೇ ದೊಡ್ಡದು ಅಂತ ಖಾತ್ರಿ ಮಾಡಿಕೊಂಡ, ವಾಪಸ್ ಬಂದ. ಅಷ್ಟೇ.

ಅದಕ್ಕೆ ಮುಂಚಿನ ಯಾರ್ಕ್ ನಗರದ ಕಥೆ ಇನ್ನೂ ವಿಚಿತ್ರ. ಅಲ್ಲಿನ ಶಸ್ತ್ರವೈದ್ಯರೊಬ್ಬರ ಬಳಿ ಅಂಗರಚನೆ ಕಲಿತ ಸ್ಟಬ್ಸ್, ಆಮೇಲೆ ವೈದ್ಯ ವಿದ್ಯಾರ್ಥಿಗಳಿಗೇ ಪಾಠ ಹೇಳತೊಡಗಿದ. ಜಾನ್ ಬರ್ಟನ್ ಅನ್ನೋ ವೈದ್ಯ ಹೆರಿಗೆ ವಿದ್ಯೆಯ ಮೇಲೆ ಪುಸ್ತಕ ಬರೀತಿದ್ದ. ಗರ್ಭದಲ್ಲಿ ಮಗು ಹೇಗಿರುತ್ತೆ ಅಂತ ತೋರಿಸೋ ಚಿತ್ರಗಳು ಬೇಕಿತ್ತು. ಹೆರಿಗೆಯಲ್ಲಿ ಸತ್ತ ಒಬ್ಬ ಹೆಂಗಸಿನ ದೇಹವನ್ನು ಯಾರಿಗೂ ತಿಳಿಯದಂತೆ ತಂದು, ಅಟ್ಟದ ಮೇಲೆ ಬಚ್ಚಿಟ್ಟು, ಸ್ಟಬ್ಸ್ ಚಿತ್ರ ಬಿಡಿಸಿದ. ಆ ಹೆಂಗಸು ಯಾರು, ಅವಳ ಮನೆಯವರು ಯಾರು ಅಂತ ಯಾರೂ ಕೇಳಲಿಲ್ಲ. ಇದನ್ನು ಹೇಳದೆ ಮುಂದೆ ಹೋಗೋದು ಸರಿಯಲ್ಲ ಅಂತ ನನಗನ್ನಿಸುತ್ತೆ.

ಚಿತ್ರ ಆಯ್ತು, ಅದನ್ನು ತಾಮ್ರದ ತಗಡಿನ ಮೇಲೆ ಕೊರೆದರಷ್ಟೇ ಪುಸ್ತಕದಲ್ಲಿ ಅಚ್ಚಾಗೋದು. ಕೊರೆಯೋದು ಸ್ಟಬ್ಸ್‌ಗೆ ಗೊತ್ತಿರಲಿಲ್ಲ. ಗೋಡೆಗೆ ಬಣ್ಣ ಬಳಿಯುವ ಪರಿಚಯದವನೊಬ್ಬನಿಗೆ ಸ್ವಲ್ಪ ಗೊತ್ತಿತ್ತು. ಅವನಿಂದ ಒಂದಿಷ್ಟು ತಿಳಿದುಕೊಂಡು, ಬಟ್ಟೆ ಹೊಲಿಯೋ ಸೂಜಿಯನ್ನು ಕಡ್ಡಿಗೆ ಸಿಕ್ಕಿಸಿಕೊಂಡು ಕೊರೆಯೋಕೆ ಕೂತ. 1751ರಲ್ಲಿ ಪುಸ್ತಕ ಬಂತು. ಕೆಲಸ ಮನಸ್ಸಿಗೆ ಒಪ್ಪಲಿಲ್ಲ, ಹಾಗಾಗಿ ಚಿತ್ರಗಳಿಗೆ ತನ್ನ ಹೆಸರನ್ನೇ ಹಾಕಲಿಲ್ಲ. ಇವತ್ತು ಒಂದು ಫೋಟೋ ತೆಗೆದರೂ ಮೂಲೆಯಲ್ಲಿ ಹೆಸರು ಒತ್ತಿಬಿಡುತ್ತೇವೆ ನಾವು.

ಈಗ ಕುದುರೆಗೆ ಬರೋಣ.

1756. ಲಿಂಕನ್‌ಶೈರ್ ಸೀಮೆಯ ಹಾರ್ಕ್‌ಸ್ಟೋ ಅನ್ನೋ ಹಳ್ಳಿ. ಅಲ್ಲಿ ಒಂದು ಒಂಟಿ ತೋಟದ ಮನೆ ಬಾಡಿಗೆಗೆ ಹಿಡಿದು ಸ್ಟಬ್ಸ್ ಸುಮಾರು ಹದಿನೆಂಟು ತಿಂಗಳು ಉಳಿದ. ಜೊತೆಗೆ ಬಾಳಸಂಗಾತಿ ಮೇರಿ ಸ್ಪೆನ್ಸರ್. ಅವರಿಬ್ಬರನ್ನು ಬಿಟ್ಟರೆ ಆ ಮನೆಯಲ್ಲಿದ್ದದ್ದು ಸತ್ತ ಕುದುರೆಗಳು. ಒಂದೊಂದೇ ಕುದುರೆಯನ್ನು ತರಿಸಿ, ಕತ್ತಿನ ರಕ್ತನಾಳ ಕೊಯ್ದು ರಕ್ತ ಬಸಿದು, ನಾಳಗಳ ಆಕಾರ ಕೆಡದಂತೆ ಕರಗಿಸಿದ ಕೊಬ್ಬು ಮೇಣ ತುಂಬಿ, ಸೂರಿನ ತೊಲೆಗೆ ಕಬ್ಬಿಣದ ಕಂಬಿ, ಕೊಕ್ಕೆ ಹಾಕಿ ಎತ್ತಿ ನಿಲ್ಲಿಸುತ್ತಿದ್ದ. ಗೊರಸಿನ ಕೆಳಗೆ ಒಂದು ಹಲಗೆ. ಯಾಕೆ? ಸತ್ತ ಕುದುರೆ ಮಲಗಿದಂತೆ ಕಾಣಬಾರದು. ನಡೆಯುತ್ತಾ ಇದೆ ಅನ್ನಬೇಕು. ಆಮೇಲೆ ಚರ್ಮ ತೆಗೆದು ಬಿಡಿಸುವುದು, ಮೇಲಿನ ಸ್ನಾಯು ತೆಗೆದು ಬಿಡಿಸುವುದು, ಅದರ ಕೆಳಗಿನದು, ಅದರ ಕೆಳಗಿನದು, ಹೀಗೆ ಕೊನೆಗೆ ಮೂಳೆ ಬರುವ ತನಕ. ಒಂದು ಕುದುರೆ ಹನ್ನೊಂದು ವಾರ ಹಾಗೇ ತೂಗಿತ್ತಂತೆ. ಹನ್ನೊಂದು ವಾರ! ಫ್ರಿಜ್ ಇಲ್ಲ, ಫಾರ್ಮಲಿನ್ ಇಲ್ಲ. ಆ ಮನೆಯಲ್ಲಿ ಅವರು ಊಟ ಹೇಗೆ ಮಾಡ್ತಿದ್ದರೋ ದೇವರೇ ಬಲ್ಲ. ಮೇರಿ ಸ್ಪೆನ್ಸರ್ ಹೆಸರು ಈ ಕಥೆಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ನನ್ನ ಕೇಳಿದ್ರೆ ಅರ್ಧ ಪಾಲು ಅವಳದ್ದು.

ಚಿತ್ರಗಳ ಕಟ್ಟು ಹಿಡಿದು ಸ್ಟಬ್ಸ್ ಲಂಡನ್ನಿಗೆ ಬಂದ. ಕೊರೆಯುವವರು ಯಾರೂ ಒಪ್ಪಲಿಲ್ಲ. ಕುದುರೆಯ ಮೂಳೆ, ಸ್ನಾಯು, ಇದೆಂಥ ಕೆಲಸ ಅಂದ್ರು. ಸರಿ, ಯಾರ್ಕ್‌ನಲ್ಲಿ ಕಲಿತ ವಿದ್ಯೆ ಇತ್ತಲ್ಲ. ಹಗಲು ಹೊಟ್ಟೆಪಾಡಿಗೆ ಬಣ್ಣದ ಚಿತ್ರ, ಬೆಳಗಿನ ಜಾವ, ರಾತ್ರಿ ತಾಮ್ರದ ತಗಡು. 1766ರಲ್ಲಿ 'ಕುದುರೆಯ ಅಂಗರಚನೆ' ಹೊರಬಂತು. 18 ಫಲಕಗಳು. ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ, ಮೂರು ನೋಟ, ಒಂದೊಂದಕ್ಕೂ ಆರು ಹಂತ. ಅದಕ್ಕೆ ಮುಂಚೆ ಈ ವಿಷಯದಲ್ಲಿ ಹೆಸರಾಗಿದ್ದ ಪುಸ್ತಕ ಇಟಲಿಯ ಕಾರ್ಲೊ ರುಯಿನಿಯದು, 1598ರದ್ದು. ನೂರಾ ಅರವತ್ತೆಂಟು ವರ್ಷದ ಮೇಲೆ ಅದನ್ನು ಮೀರಿಸಿದ್ದು ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ಲಿವರ್‌ಪೂಲಿನ ಚರ್ಮದ ಅಂಗಡಿಯ ಹುಡುಗ.

ಪುಸ್ತಕ ಬರೋಕೆ ಮುಂಚೆಯೇ ಕುದುರೆ ಸಾಕಿದ ದೊರೆಗಳು ಮನೆಬಾಗಿಲಿಗೆ ಬಂದಿದ್ದರು. ರಾಕಿಂಗ್‌ಹ್ಯಾಮ್‌ನ ಮಾರ್ಕ್ವಿಸ್‌ಗಾಗಿ 1762ರ ಹೊತ್ತಿಗೆ ಬಿಡಿಸಿದ 'ವಿಸಲ್‌ಜಾಕೆಟ್' ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1997ರಲ್ಲಿ 1.1 ಕೋಟಿ ಪೌಂಡ್ ಕೊಟ್ಟು ಕೊಂಡರು. ಸುಮಾರು ಒಂಬತ್ತೂವರೆ ಅಡಿ ಎತ್ತರ. ಹಿಂದುಗಾಲ ಮೇಲೆ ಎದ್ದು ನಿಂತ ಕುದುರೆ, ಹಿನ್ನೆಲೆಯಲ್ಲಿ ಏನೂ ಇಲ್ಲ. ಗಿಡ ಇಲ್ಲ, ಆಕಾಶ ಇಲ್ಲ, ಸವಾರ ಇಲ್ಲ. ಒಂದು ಹಳೆಯ ಕಥೆ ಇದೆ. ಚಿತ್ರವನ್ನು ಹೊರಗಿಟ್ಟು ಸ್ಟಬ್ಸ್ ನೋಡುತ್ತಿದ್ದನಂತೆ. ಅದೇ ಹೊತ್ತಿಗೆ ಲಾಯದ ಹುಡುಗ ನಿಜವಾದ ಕುದುರೆಯನ್ನು ಆ ದಾರಿಯಲ್ಲಿ ತಂದ. ಎದುರಿಗೆ ಇನ್ನೊಂದು ಗಂಡು ಕುದುರೆ ನಿಂತಿದೆ ಅಂದುಕೊಂಡು ವಿಸಲ್‌ಜಾಕೆಟ್ ಚಿತ್ರದ ಮೇಲೇ ನುಗ್ಗಿತಂತೆ. ಹುಡುಗನನ್ನು ನೆಲದಿಂದ ಎತ್ತಿಬಿಟ್ಟಿತಂತೆ. ಸ್ಟಬ್ಸ್ ಬಣ್ಣದ ಹಲಗೆಯಲ್ಲಿ, ಕೋಲಿನಲ್ಲಿ ಹೊಡೆದು ಚಿತ್ರವನ್ನು ಉಳಿಸಿಕೊಂಡ. ವಿಮರ್ಶಕರಿಗೆ ಏನನ್ನಿಸಿತೋ, ಕುದುರೆಗಂತೂ ಚಿತ್ರ ಒಪ್ಪಿಗೆಯಾಗಿತ್ತು.

ನಾಯಿಗಳನ್ನೂ ಹಾಗೇ ಬಿಡಿಸಿದ. ಬೇಟೆನಾಯಿ, ನೀರಿಗಿಳಿಯೋ ಸ್ಪಾನಿಯಲ್, ಮುಂದೆ ರಾಜನಾದ ವೇಲ್ಸ್ ಯುವರಾಜನ ಮುದ್ದಿನ ನಾಯಿಗಳು. ನನಗೆ ಬಹಳ ಇಷ್ಟವಾದದ್ದು ಚಪ್ಪಟೆ ದೋಣಿಯಲ್ಲಿ ನಿಂತ ಒಂದು ಬಿಳಿ ಪೂಡಲ್, ಈಗ ವಾಷಿಂಗ್ಟನ್ನಿನಲ್ಲಿದೆ. ದೋಣಿ ಅಲುಗಾಡೀತು ಅನ್ನೋ ಅಂಜಿಕೆ ಆ ನಾಯಿಯ ನಿಲುವಿನಲ್ಲೇ ಇದೆ. ಅದು ಮನುಷ್ಯನ ಹಾಗೆ ನಗಲ್ಲ, ಅಳಲ್ಲ, ಸ್ವಾಮಿಭಕ್ತಿಯ ಪ್ರದರ್ಶನ ಮಾಡಲ್ಲ. ನಾಯಿ ನಾಯಿಯಾಗಿಯೇ ಇರುತ್ತೆ.

ನಮ್ಮ ದೇಶದ ಗಾಳಿ ಸೋಕಿದ ಚಿತ್ರವೂ ಒಂದಿದೆ. ಮದ್ರಾಸಿನ ಗವರ್ನರ್ ಆಗಿದ್ದ ಜಾರ್ಜ್ ಪಿಗಟ್ ಇಂಗ್ಲೆಂಡಿಗೆ ಮರಳುವಾಗ ರಾಜ ಮೂರನೇ ಜಾರ್ಜ್‌ಗೆ ಕಾಣಿಕೆಯಾಗಿ ಒಂದು ಚೀತಾ, ನಾವು ಸಿವಂಗಿ ಅಂತೀವಲ್ಲ, ಅದನ್ನು ಕೊಂಡೊಯ್ದ. ನೋಡಿಕೊಳ್ಳೋಕೆ ಇಬ್ಬರು ಭಾರತೀಯರನ್ನೂ ಕರೆದೊಯ್ದ. 1764ರ ಜೂನ್‌ನಲ್ಲಿ ವಿಂಡ್ಸರ್ ಉದ್ಯಾನದಲ್ಲಿ ಅದನ್ನು ಒಂದು ಸಾರಂಗದ ಮೇಲೆ ಬಿಟ್ಟು ತಮಾಷೆ ನೋಡಿದ್ರು. ಸಾರಂಗ ಸಿವಂಗಿಯನ್ನೇ ಕೊಂಬಿನಲ್ಲಿ ಎತ್ತಿ ಒಗೆಯಿತು! ಸ್ಟಬ್ಸ್ ಬಿಡಿಸಿದ್ದು ಅದಕ್ಕೂ ಮುಂಚಿನ ಗಳಿಗೆ. ಸಿವಂಗಿಯ ಕಣ್ಣ ಮೇಲಿದ್ದ ಕೆಂಪು ಮುಸುಕು ಈಗಷ್ಟೇ ಸರಿದಿದೆ, ಒಬ್ಬ ಅದರ ಸೊಂಟದ ಪಟ್ಟಿ ಹಿಡಿದಿದ್ದಾನೆ, ಇನ್ನೊಬ್ಬ ಸಾರಂಗದ ಕಡೆ ಕೈ ತೋರಿಸ್ತಿದ್ದಾನೆ. ಬಿಳಿ ಉಡುಪಿನ ಆ ಇಬ್ಬರ ಮುಖದಲ್ಲಿ ನಗೆಪಾಟಲು ಮಾಡುವ ಒಂದು ಗೆರೆ ಕೂಡ ಇಲ್ಲ. ತಮ್ಮ ಕೆಲಸ ಬಲ್ಲ ಇಬ್ಬರು ಮನುಷ್ಯರು, ಅಷ್ಟೇ. ಆದ್ರೆ ಚಿತ್ರದ ಹೆಸರು ಕೇಳಿ: 'ಇಬ್ಬರು ಭಾರತೀಯ ಆಳುಗಳೊಂದಿಗೆ ಚೀತಾ ಮತ್ತು ಸಾರಂಗ'. ಕುದುರೆಗಳಿಗೆಲ್ಲ ಹೆಸರಿದೆ, ವಿಸಲ್‌ಜಾಕೆಟ್, ಗಿಮ್‌ಕ್ರಾಕ್, ಹ್ಯಾಂಬಲ್ಟೋನಿಯನ್. ಕಡಲು ದಾಟಿ ಹೋದ ಈ ಇಬ್ಬರಿಗಿಲ್ಲ.

ಸ್ಟಬ್ಸ್ ತಪ್ಪೇ ಮಾಡಲಿಲ್ಲವಾ? ಮಾಡಿದ. ನಾಗಾಲೋಟದ ಕುದುರೆಯನ್ನು ಬಿಡಿಸುವಾಗ ಉಳಿದವರ ಹಾಗೇ ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲಿಸಿಬಿಟ್ಟ. 1765ರ ಗಿಮ್‌ಕ್ರಾಕ್ ಚಿತ್ರದ ಹಿನ್ನೆಲೆಯಲ್ಲಿ ಓಡುವ ಕುದುರೆಗಳನ್ನು ನೋಡಿ, ಮಕ್ಕಳ ಮರದ ಕುದುರೆ ನೆನಪಾಗುತ್ತೆ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಫೋಟೋಗಳಲ್ಲಿ ನಿಜ ಗೊತ್ತಾಯ್ತು. ನಾಲ್ಕೂ ಕಾಲು ನೆಲ ಬಿಡೋದು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿದಾಗ. ಒಂದೊಂದು ಸ್ನಾಯುವನ್ನೂ ಕೈಯಾರೆ ಬಿಡಿಸಿ ನೋಡಿದವನಿಗೂ ಬರಿಗಣ್ಣಿಗೆ ಕಾಣದ್ದು ಕಾಣಲಿಲ್ಲ. ಆತ ಹೆಚ್ಚಾಗಿ ನಿಂತ ಕುದುರೆಗಳನ್ನೇ ಬಿಡಿಸಿದ್ದಕ್ಕೆ ಇದೂ ಒಂದು ಕಾರಣವಿದ್ದೀತು ಅನ್ನೋದು ನನ್ನ ಗುಮಾನಿ.

ಇಷ್ಟೆಲ್ಲ ಮಾಡಿದವನನ್ನು ಲಂಡನ್ನಿನ ಕಲಾಲೋಕ ಏನಂತ ಕರೀತಿತ್ತು? 'ಕುದುರೆ ಚಿತ್ರಕಾರ ಮಿಸ್ಟರ್ ಸ್ಟಬ್ಸ್.' ಅದು ಹೊಗಳಿಕೆಯಲ್ಲ ಸ್ವಾಮಿ, ಹಣೆಪಟ್ಟಿ. 1768ರಲ್ಲಿ ರಾಯಲ್ ಅಕಾಡೆಮಿ ಶುರುವಾಗಿತ್ತು. ಅದರ ಅಧ್ಯಕ್ಷ ಜೋಷುವಾ ರೆನಾಲ್ಡ್ಸ್. ಅಲ್ಲಿ ಚಿತ್ರಗಳಿಗೂ ಜಾತಿ ಇತ್ತು ಅಂದ್ರೆ ತಪ್ಪಾಗಲ್ಲ. ಪುರಾಣ, ಇತಿಹಾಸ ಬಿಡಿಸುವವನು ಮೇಲಿನ ಪಂಕ್ತಿ. ಪ್ರಾಣಿ ಬಿಡಿಸುವವನು ಬಾಗಿಲ ಹೊರಗಿನ ಪಂಕ್ತಿ.

ಹಣೆಪಟ್ಟಿಯ ಕಷ್ಟ ನನಗೂ ಸ್ವಲ್ಪ ಗೊತ್ತು. ನಾನು ಕೆಲಸಕ್ಕೆ ಸೇರಿದ್ದು ಕ್ರೈಂ ರಿಪೋರ್ಟರ್ ಆಗಿ. ಎಷ್ಟೋ ವರ್ಷ ಆದ ಮೇಲೆ ಬಜೆಟ್ ಬಗ್ಗೆ ಬರೆದುಕೊಟ್ಟರೆ, ಹಿರಿಯರೊಬ್ಬರು ಓದದೇನೇ ಪಕ್ಕಕ್ಕಿಟ್ಟು, 'ಇದರಲ್ಲಿ ಕೊಲೆ ಎಲ್ಲಪ್ಪಾ?' ಅಂದಿದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಸ್ಟಬ್ಸ್ ಆ ಪಟ್ಟಿ ಕಿತ್ತು ಹಾಕೋಕೆ ಏನೇನೋ ಮಾಡಿದ. ಪುರಾಣದ ಫೇಥನ್‌ನನ್ನು ಬಿಡಿಸಿದ, ಅದರಲ್ಲೂ ಕುದುರೆಗಳೇ ಚೆನ್ನಾಗಿ ಬಂದವು! ಪಿಂಗಾಣಿ ಕಾರ್ಖಾನೆಯ ಜೊಸಾಯ ವೆಜ್‌ವುಡ್ ಜೊತೆ ಸೇರಿ, ಎಂದೂ ಮಾಸದ ಬಣ್ಣ ಬೇಕು ಅಂತ ದೊಡ್ಡ ದೊಡ್ಡ ಮಣ್ಣಿನ ಫಲಕಗಳ ಮೇಲೆ ಎನಾಮಲ್ ಬಳಿದು ಸುಡಿಸಿದ. ಜನ ಕೊಳ್ಳಲಿಲ್ಲ. ಕೊನೆಗೆ 1780ರಲ್ಲಿ ಅಕಾಡೆಮಿ ಸಹ-ಸದಸ್ಯ ಮಾಡಿತು, 1781ರಲ್ಲಿ ಪೂರ್ಣ ಸದಸ್ಯನಾಗಿ ಆರಿಸಿತು. ಒಂದೇ ಷರತ್ತು, ತನ್ನದೊಂದು ಚಿತ್ರವನ್ನು ಅಕಾಡೆಮಿಗೆ ಬಿಟ್ಟುಕೊಡಬೇಕು. ಅಷ್ಟರಲ್ಲಿ ಆತನ ಎನಾಮಲ್ ಚಿತ್ರಗಳನ್ನು ಪ್ರದರ್ಶನದಲ್ಲಿ ಮೂಲೆಗೆ ನೇತುಹಾಕಿದ್ರು. ಸ್ಟಬ್ಸ್ ಚಿತ್ರ ಕೊಡಲೇ ಇಲ್ಲ. ಸದಸ್ಯತ್ವ ಅಲ್ಲಿಗೆ ನಿಂತಿತು. ಕೊಟ್ಟುಬಿಡಬಹುದಿತ್ತು ಅಂತ ನೀವು ಹೇಳಬಹುದು. ಒಂದು ಚಿತ್ರದ ಪ್ರಶ್ನೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಾಗೆ ಕೊಡುವ ಮನುಷ್ಯನಾಗಿದ್ದಿದ್ದರೆ ಬಹುಶಃ ಹ್ಯಾಂಬಲ್ಟೋನಿಯನ್ ಬೆನ್ನ ಮೇಲೆ ಜಾಕಿಯನ್ನೂ ಕೂರಿಸಿಬಿಡುತ್ತಿದ್ದ.

ಎಪ್ಪತ್ತು ದಾಟಿದ ಮೇಲೂ ಕತ್ತರಿ ಚಾಕು ಬಿಡಲಿಲ್ಲ. 1795ರಲ್ಲಿ ಮನುಷ್ಯ, ಹುಲಿ, ಕೋಳಿ ಮೂರರ ದೇಹವನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋ ಹೊಸ ಪುಸ್ತಕ ಶುರು ಮಾಡಿದ. ಡಾರ್ವಿನ್ ಹುಟ್ಟೋಕೆ ಇನ್ನೂ ಹದಿನಾಲ್ಕು ವರ್ಷ ಇತ್ತು. ಮುಗಿಯುವ ಮೊದಲೇ, 1806ರ ಜುಲೈ 10ರಂದು, ಸ್ಟಬ್ಸ್ ತೀರಿಕೊಂಡ. ಆ ಚಿತ್ರಗಳು ಎಲ್ಲಿ ಹೋದವೋ ಅಂತ ಎಲ್ಲರೂ ಮರೆತೇಬಿಟ್ಟಿದ್ದರು. 1957ರಲ್ಲಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಅಮೆರಿಕದ ವುಸ್ಟರ್ ಅನ್ನೋ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ.

ಹಾರ್ಕ್‌ಸ್ಟೋ ಮನೆಯಲ್ಲಿ ಬಿಡಿಸಿದ ಮೂಲ ಚಿತ್ರಗಳ ಕಥೆ ಇನ್ನೂ ಸ್ವಾರಸ್ಯ. ಕೈಯಿಂದ ಕೈಗೆ ಹೋಗಿ ಅವು ಸೇರಿದ್ದು ಎಡ್ವಿನ್ ಲ್ಯಾಂಡ್‌ಸಿಯರ್ ಬಳಿಗೆ. ಈತನೂ ನಾಯಿ, ಕುದುರೆ, ಜಿಂಕೆ ಬಿಡಿಸಿಯೇ ಹೆಸರಾದವನು. ಆದರೆ ಅಕಾಡೆಮಿಯ ಶಾಲೆಯಲ್ಲೇ ಕಲಿತವನು, 1850ರಲ್ಲಿ ಸರ್ ಆದವನು. ಅಕಾಡೆಮಿಯ ಅಧ್ಯಕ್ಷ ಪೀಠವನ್ನೇ ಕೊಡುತ್ತೇವೆ ಅಂದಾಗ ಬೇಡ ಅಂದವನು. ಆತನ ಅಣ್ಣ ಚಾರ್ಲ್ಸ್ 1879ರಲ್ಲಿ ಸಾಯುವಾಗ ಆ ಕಟ್ಟನ್ನು ಉಯಿಲು ಬರೆದುಕೊಟ್ಟ. ಯಾರಿಗೆ? ರಾಯಲ್ ಅಕಾಡೆಮಿಗೆ. ಒಂದು ಚಿತ್ರ ಕೊಡಲಿಲ್ಲ ಅಂತ ಯಾರನ್ನು ಹೊರಗಿಟ್ಟಿದ್ದರೋ, ಆತನ ಹದಿನೆಂಟು ತಿಂಗಳ ತಪಸ್ಸಿನ ಕಟ್ಟು ಇವತ್ತು ಅವರ ಭಂಡಾರದಲ್ಲಿದೆ.

ಹ್ಯಾಂಬಲ್ಟೋನಿಯನ್ ಚಿತ್ರ? ಹಣ ಕೊಡಲಾರೆ ಅಂದ ಸರ್ ಹೆನ್ರಿಯ ಮಗಳು ಮದುವೆಯಾಗಿ ಹೋದ ಮನೆತನದ ಬಂಗಲೆ ಉತ್ತರ ಐರ್ಲೆಂಡಿನಲ್ಲಿದೆ, ಮೌಂಟ್ ಸ್ಟುವರ್ಟ್ ಅಂತ. ಅದರ ಗೋಡೆಯ ಮೇಲೆ ಈಗಲೂ ಇದೆ. ಚಿತ್ರದ ನಕಲನ್ನು ಮುಂದಿಟ್ಟುಕೊಂಡೇ ಇದನ್ನು ಬರೀತಿದ್ದೀನಿ. ಕುದುರೆ ನಮ್ಮನ್ನು ನೋಡ್ತಾ ಇಲ್ಲ, ಅದಕ್ಕೆ ಯಾರೂ ಬೇಕಾಗಿಲ್ಲ. ನೋಡ್ತಿರೋರು ಆ ಇಬ್ಬರು. ಲಾಯದ ಹುಡುಗ ಕುದುರೆಯ ಹೆಗಲಿನ ಮೇಲೆ ಒಂದು ತೋಳು ಹಾಕಿದ್ದಾನೆ, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಮುಖದಲ್ಲಿ ಗೆದ್ದ ಖುಷಿ ಇಲ್ಲ. ಇನ್ನು ಸಾಕು, ಇದನ್ನು ಮನೆಗೆ ಕರೆದುಕೊಂಡು ಹೋಗ್ತೀವಿ ಅನ್ನೋ ಹಾಗೆ ನೇರವಾಗಿ ನಮ್ಮನ್ನೇ ನೋಡ್ತಿದ್ದಾನೆ.